ಅಮೆರಿಕದಲ್ಲಿ ಪೈಲಟ್ ತರಬೇತಿಗೆ ಎಂ-1 ವೀಸಾ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪೈಲಟ್ ತರಬೇತಿಗೆ ಅಮೆರಿಕಕ್ಕೆ ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು "ವೀಸಾ ಸಿಗುತ್ತಾ?" ಅಂತ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ವೀಸಾ ಸಿಕ್ಕ ಮೇಲೆ ಕೈಯಲ್ಲಿ ಎಷ್ಟು ದಿನ ಇರುತ್ತದೆ, ಅಷ್ಟರಲ್ಲಿ ಲೈಸೆನ್ಸ್ ಮುಗಿಯುತ್ತಾ? ಫ್ಲೈಯಿಂಗ್ ಸ್ಕೂಲಿಗೆ ಹೋಗುವವರಿಗೆ ಸಿಗುವ ಎಂ-1 ವೀಸಾದಲ್ಲಿ ಮೊದಲ ಸಲ ಕೊಡುವುದೇ ಹೆಚ್ಚೆಂದರೆ ಒಂದು ವರ್ಷ. ವಾಪಸ್ ಹೊರಡಲು ಕೊಡುವ 30 ದಿನವೂ ಆ ಒಂದು ವರ್ಷದೊಳಗೇ ಬರುತ್ತದೆ. ಅಂದರೆ ಹಾರಲು ಸಿಗುವುದು ಸುಮಾರು ಹನ್ನೊಂದು ತಿಂಗಳು, ಅದರಲ್ಲಿ ಮಳೆ, ಗಾಳಿ, ವಿಮಾನದ ರಿಪೇರಿ, ಪರೀಕ್ಷಕರಿಗಾಗಿ ಕಾಯುವ ದಿನ ಎಲ್ಲವೂ ಸೇರಿ.

ಹಾಗಾಗಿ ಈ ಬರಹ ಪೂರ್ತಿ ಒಂದೇ ಲೆಕ್ಕದ ಮೇಲೆ ನಿಂತಿದೆ. ಇಲ್ಲಿ ಕೂತು ಮುಗಿಸಬಹುದಾದ ಕೆಲಸ ಒಂದನ್ನೂ ಅಲ್ಲಿಗೆ ಹೊತ್ತುಕೊಂಡು ಹೋಗಬೇಡಿ. ಏಜೆಂಟರು "ಅದೆಲ್ಲ ಅಲ್ಲಿ ಹೋದ ಮೇಲೆ ನೋಡೋಣ ಬಿಡಿ ಸಾರ್" ಅನ್ನುತ್ತಾರೆ. ಒಪ್ಪಬೇಡಿ.

ಎಂ-1 ಬೇಕಾ, ಎಫ್-1 ಬೇಕಾ

ಎರಡೂ ವಿದ್ಯಾರ್ಥಿ ವೀಸಾಗಳೇ. ಯೂನಿವರ್ಸಿಟಿಯಲ್ಲಿ ಏವಿಯೇಷನ್ ಡಿಗ್ರಿ ಮಾಡುತ್ತಾ ಹಾರಲು ಕಲಿಯುವವರಿಗೆ ಎಫ್-1 ಸಿಗುತ್ತದೆ. ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿರುವ ಎಂಬ್ರಿ-ರಿಡಲ್, ಗ್ರಾಂಡ್ ಫೋರ್ಕ್ಸ್‌ನಲ್ಲಿರುವ ನಾರ್ತ್ ಡಕೋಟ ಯೂನಿವರ್ಸಿಟಿ ಇಂಥವು. ನಾಲ್ಕು ವರ್ಷದ ಓದು, ಅದಕ್ಕೆ ತಕ್ಕ ಖರ್ಚು. ಆದರೆ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆವರೆಗೆ ಕೆಲಸ ಮಾಡಬಹುದು, ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಅದೇ ಕ್ಷೇತ್ರದಲ್ಲಿ ದುಡಿಯಲು ಅನುಮತಿ ಕೇಳಬಹುದು.

ಡಿಗ್ರಿ ಬೇಡ, ಲೈಸೆನ್ಸ್ ಮಾತ್ರ ಸಾಕು ಅನ್ನುವವರಿಗೆ ಎಂ-1. ನಮ್ಮಿಂದ ಹೋಗುವವರಲ್ಲಿ ಜಾಸ್ತಿ ಜನ ಇದರಲ್ಲೇ ಹೋಗುತ್ತಾರೆ. ಓದುವಾಗ ಒಂದು ಗಂಟೆಯೂ ಸಂಬಳದ ಕೆಲಸ ಮಾಡುವಂತಿಲ್ಲ. ಕೋರ್ಸ್ ಮುಗಿದ ಮೇಲೆ ಪ್ರಾಕ್ಟಿಕಲ್ ಟ್ರೈನಿಂಗ್ ಅಂತ ಅರ್ಜಿ ಹಾಕಬಹುದು, ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ, ಎಷ್ಟೇ ಆದರೂ ಆರು ತಿಂಗಳು ಮೀರದಂತೆ. ಅಲ್ಲಿ ಇದ್ದುಕೊಂಡೇ ಎಂ-1 ಅನ್ನು ಎಫ್-1ಗೆ ಬದಲಾಯಿಸಿಕೊಳ್ಳಲು ಬರುವುದಿಲ್ಲ. ಇದನ್ನು ಹೊರಡುವ ಮುಂಚೆಯೇ ಮನಸ್ಸಲ್ಲಿ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕೊರಗಿ ಪ್ರಯೋಜನ ಇಲ್ಲ.

ಟೂರಿಸ್ಟ್ ವೀಸಾ ಇದೆ, ಅದರಲ್ಲೇ ಹೋಗಿ ಲೈಸೆನ್ಸ್ ಮಾಡಿಕೊಂಡು ಬರುತ್ತೇನೆ ಅನ್ನುವ ಯೋಚನೆಯನ್ನು ಇಲ್ಲೇ ಬಿಟ್ಟುಬಿಡಿ. ಲೈಸೆನ್ಸಿಗಾಗಿ ತರಬೇತಿ ಪಡೆಯುವುದು ಆ ವೀಸಾದ ನಿಯಮಕ್ಕೆ ವಿರುದ್ಧ. ಒಮ್ಮೆ ಆ ದಾಖಲೆ ಕೆಟ್ಟರೆ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಅದಕ್ಕೆ ಉತ್ತರ ಕೊಡುತ್ತಾ ಇರಬೇಕಾಗುತ್ತದೆ.

ದುಡ್ಡು ಕಟ್ಟುವ ಮುಂಚೆ ಮೆಡಿಕಲ್

ಕಾಲೇಜು ಹುಡುಕುವ ಮುಂಚೆ, ಏಜೆಂಟರ ಹತ್ತಿರ ಹೋಗುವ ಮುಂಚೆ, ಮೊದಲ ಕೆಲಸ ಇದು. ವಾಪಸ್ ಬಂದು ಭಾರತದಲ್ಲಿ ವಿಮಾನ ಹಾರಿಸಬೇಕಾದರೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಕ್ಲಾಸ್ 1 ಮೆಡಿಕಲ್ (ಆರೋಗ್ಯ ಪರೀಕ್ಷೆ) ಪಾಸಾಗಿರಲೇಬೇಕು. ಮೊದಲು ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಕ್ಲಾಸ್ 2 ಮಾಡಿಸಬೇಕು. ಆ ಕಾಗದ ಬಂದ ಮೇಲೆ ಕ್ಲಾಸ್ 1ಗೆ ದಿನ ತೆಗೆದುಕೊಳ್ಳಬೇಕು. ನಮಗೊಂದು ಅನುಕೂಲ ಏನೆಂದರೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ, ಕ್ಲಾಸ್ 1 ಅಲ್ಲೇ ಆಗುತ್ತದೆ.

ಕಣ್ಣಿನ ಬಣ್ಣ ಗುರುತಿಸುವ ಪರೀಕ್ಷೆ, ಕಿವಿ, ಇಸಿಜಿ, ಹಳೇ ಆಪರೇಷನ್ನುಗಳ ದಾಖಲೆ ಎಲ್ಲ ನೋಡುತ್ತಾರೆ. ಬಣ್ಣ ಸರಿಯಾಗಿ ಕಾಣದೇ ಇರುವುದು ಎಷ್ಟೋ ಜನರಿಗೆ ಗೊತ್ತಾಗುವುದೇ ಇಲ್ಲಿ. ಅರ್ಧ ಕೋಟಿ ರೂಪಾಯಿ ಆಸುಪಾಸಿನ ಖರ್ಚಿಗೆ ಕೈ ಹಾಕುವ ಮುಂಚೆ ಗೊತ್ತಾದರೆ ಮನಸ್ಸಿಗೆ ನೋವಾಗುತ್ತದೆ ಅಷ್ಟೇ. ಅಮೆರಿಕದಿಂದ ಲೈಸೆನ್ಸ್ ತಂದ ಮೇಲೆ ಗೊತ್ತಾದರೆ ಮನೆಯೇ ಮುಳುಗುತ್ತದೆ. ಅಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ಮೆಡಿಕಲ್ ಬೇರೆ, ಅದು ಪಾಸಾಯಿತು ಅಂತ ಇಲ್ಲಿನದೂ ಆಗುತ್ತದೆ ಎಂದುಕೊಳ್ಳಬೇಡಿ.

ಹೆಸರು ಸರಿ ಮಾಡಿಕೊಳ್ಳಿ

ಕರ್ನಾಟಕದವರಿಗೆ ಇದು ದೊಡ್ಡ ತಲೆನೋವು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಅಥವಾ ಹಿಂದೆ ಇನಿಷಿಯಲ್ ಇರುತ್ತದೆ. ಊರಿನ ಹೆಸರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ, ಇಲ್ಲವೇ ಸರ್‌ನೇಮ್ ಜಾಗವನ್ನು ಖಾಲಿ ಬಿಟ್ಟು ಪೂರ್ತಿ ಹೆಸರನ್ನು ಒಂದೇ ಕಡೆ ತುಂಬಿರುತ್ತಾರೆ.

ಸರ್‌ನೇಮ್ ಖಾಲಿ ಇದ್ದರೆ ಏನಾಗುತ್ತದೆ ಗೊತ್ತಾ? ಅಮೆರಿಕದ ವೀಸಾ ಅರ್ಜಿಯಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ 'ಮೊದಲ ಹೆಸರು ಗೊತ್ತಿಲ್ಲ' ಎಂಬ ಮೂರಕ್ಷರ ಬಂದು ಕೂರುತ್ತದೆ. ಮುಂದೆ ಐ-20 (ವೀಸಾಗಾಗಿ ಸ್ಕೂಲು ಕೊಡುವ ಪ್ರವೇಶ ಪತ್ರ), ವೀಸಾ, ಭದ್ರತಾ ತಪಾಸಣೆ, ಎಫ್‌ಎಎ ಲೈಸೆನ್ಸ್, ಬ್ಯಾಂಕ್ ಖಾತೆ, ಎಲ್ಲ ಕಡೆಯೂ ಅದೇ ಹಿಂದೆ ಬರುತ್ತದೆ. ವಾಪಸ್ ಬಂದು ಲೈಸೆನ್ಸ್ ಬದಲಾಯಿಸಿಕೊಳ್ಳುವಾಗ ಡಿಜಿಸಿಎ ದಾಖಲೆಯಲ್ಲಿ ಒಂದು ಹೆಸರು, ಎಫ್‌ಎಎ ಕಾರ್ಡಿನಲ್ಲಿ ಇನ್ನೊಂದು. ಅದಕ್ಕೆ ಅಫಿಡವಿಟ್ಟು, ಓಡಾಟ. ಆದ್ದರಿಂದ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿ, ಹೆಸರು ಮತ್ತು ಸರ್‌ನೇಮ್ ಎರಡೂ ಜಾಗ ತುಂಬಿರಲಿ. ಆಮೇಲೆ ಎಲ್ಲೇ ಅರ್ಜಿ ತುಂಬಿದರೂ ಪಾಸ್‌ಪೋರ್ಟನ್ನು ಎದುರಿಗೆ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಅದೇ ಬರೆಯಿರಿ.

ಡಿಜಿಸಿಎ ಪರೀಕ್ಷೆ ಇಲ್ಲೇ ಬರೆಯಿರಿ

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು ಅನ್ನುವುದು ನಿಮಗೆ ಗೊತ್ತೇ ಇರುತ್ತದೆ. ಕಾಮರ್ಸ್ ಅಥವಾ ಆರ್ಟ್ಸ್ ಓದಿದವರು ಎನ್‌ಐಒಎಸ್ ಎಂಬ ಮುಕ್ತ ಶಾಲಾ ಬೋರ್ಡಿನ ಮೂಲಕ ಆ ಎರಡು ವಿಷಯ ಬರೆದು ಪಾಸು ಮಾಡಿಕೊಳ್ಳುತ್ತಾರೆ. ಆಮೇಲೆ ಡಿಜಿಸಿಎಯಿಂದ ಪರೀಕ್ಷೆ ಬರೆಯಲು ಬೇಕಾದ ಕಂಪ್ಯೂಟರ್ ನಂಬರ್ ತೆಗೆದುಕೊಳ್ಳಬೇಕು. ಅದಕ್ಕೆ ನಿಮ್ಮ ಪಿಯುಸಿ ಅಂಕಪಟ್ಟಿ ಅಸಲಿ ಅಂತ ಬೋರ್ಡಿನಿಂದ ಪತ್ರ ಬೇಕಾಗುತ್ತದೆ. ಆ ಪತ್ರಕ್ಕೆ ಅರ್ಜಿ ಹಾಕುವುದನ್ನು ತಡ ಮಾಡಬೇಡಿ, ಪತ್ರ ಬರುವವರೆಗೆ ಮುಂದಿನದ್ದೆಲ್ಲ ನಿಂತಿರುತ್ತದೆ.

ಬರೆಯಬೇಕಾದ ಮುಖ್ಯ ಪೇಪರ್‌ಗಳು ಏರ್ ನ್ಯಾವಿಗೇಷನ್, ಮೆಟೀರಿಯಾಲಜಿ, ಏರ್ ರೆಗ್ಯುಲೇಷನ್, ಟೆಕ್ನಿಕಲ್. ಪ್ರತಿಯೊಂದರಲ್ಲೂ 100ಕ್ಕೆ 70 ಬರಬೇಕು. ಇದರ ಜೊತೆ ರೇಡಿಯೋ ಲೈಸೆನ್ಸಿನ ಪರೀಕ್ಷೆ, ಎಲ್ಲರೂ ಆರ್‌ಟಿಆರ್ ಅನ್ನುವುದು ಅದಕ್ಕೇ. ಇವನ್ನು ಹೊರಡುವ ಮುಂಚೆ ಮುಗಿಸಿದರೆ ಎರಡು ಲಾಭ. ಒಂದು, ಅಲ್ಲಿಗೆ ಹೋದಾಗ ಗ್ರೌಂಡ್ ಕ್ಲಾಸಿನ ಅರ್ಧಕ್ಕರ್ಧ ವಿಷಯ ತಲೆಯಲ್ಲಿರುತ್ತದೆ, ಎಫ್‌ಎಎ ಲಿಖಿತ ಪರೀಕ್ಷೆಗಳು ಬೇಗ ಮುಗಿಯುತ್ತವೆ. ಎರಡನೆಯದು ವೀಸಾ ಇಂಟರ್‌ವ್ಯೂಗೆ ಸಂಬಂಧಪಟ್ಟದ್ದು, ಅಲ್ಲಿ ಹೇಳುತ್ತೇನೆ.

ಸ್ಕೂಲ್ ಆಯ್ಕೆ

ಎಂ-1 ವೀಸಾಗೆ ಬೇಕಾದ ಐ-20 ಕಾಗದವನ್ನು ಎಲ್ಲ ಫ್ಲೈಯಿಂಗ್ ಸ್ಕೂಲೂ ಕೊಡಲಾಗುವುದಿಲ್ಲ. ಎಫ್‌ಎಎ ಪಾರ್ಟ್ 141 ಮಾನ್ಯತೆ ಇರಬೇಕು, ಅದರ ಮೇಲೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅಲ್ಲಿನ ಸರ್ಕಾರದ ಎಸ್‌ಇವಿಪಿ ವಿಭಾಗದ ಅನುಮತಿಯೂ ಇರಬೇಕು. ಅಮೆರಿಕ ಸರ್ಕಾರದ 'ಸ್ಟಡಿ ಇನ್ ದ ಸ್ಟೇಟ್ಸ್' ಜಾಲತಾಣದಲ್ಲಿ ಅನುಮತಿ ಇರುವ ಸ್ಕೂಲುಗಳನ್ನು ಹುಡುಕುವ ಪುಟ ಇದೆ. ಸ್ಕೂಲಿನವರ ಮಾತು, ಏಜೆಂಟರ ಮಾತು ಎರಡನ್ನೂ ಬದಿಗಿಟ್ಟು ಅಲ್ಲಿ ಹೆಸರು ಇದೆಯಾ ನೋಡಿ. ಎಫ್ ಮತ್ತು ಎಂ ಎಂದು ಬೇರೆ ಬೇರೆಯಾಗಿ ತೋರಿಸುತ್ತದೆ, ನಿಮಗೆ ಬೇಕಾದ ಅಕ್ಷರ ಇರಬೇಕು.

ಸ್ಕೂಲಿಗೆ ಫೋನ್ ಮಾಡಿದಾಗ ವಿಮಾನ ಎಷ್ಟಿದೆ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು, ಇನ್‌ಸ್ಟ್ರಕ್ಟರ್ ಮಧ್ಯದಲ್ಲೇ ಏರ್‌ಲೈನಿಗೆ ಹೊರಟುಹೋದರೆ ಇನ್ನೊಬ್ಬರು ಎಷ್ಟು ದಿನದಲ್ಲಿ ಸಿಗುತ್ತಾರೆ, ಚೆಕ್‌ರೈಡಿಗೆ (ಲೈಸೆನ್ಸಿನ ಹಾರಾಟ ಪರೀಕ್ಷೆಗೆ) ಪರೀಕ್ಷಕರು ಸಿಗಲು ಎಷ್ಟು ವಾರ ಕಾಯಬೇಕು, ಇದನ್ನು ಕೇಳಿ. ಕೊನೆಯ ಪ್ರಶ್ನೆಗೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಅಮೆರಿಕದಲ್ಲಿ ಪರೀಕ್ಷಕರ ಕೊರತೆ ಕೆಲವು ವರ್ಷಗಳಿಂದ ಇದೆ. ಪ್ರೈವೇಟ್, ಇನ್‌ಸ್ಟ್ರುಮೆಂಟ್ (ಉಪಕರಣ ನೋಡಿಕೊಂಡೇ ಹಾರುವುದು), ಕಮರ್ಷಿಯಲ್, ಮಲ್ಟಿ ಎಂಜಿನ್, ಒಂದೊಂದಕ್ಕೂ ಒಂದು ಚೆಕ್‌ರೈಡ್. ಪ್ರತಿಯೊಂದಕ್ಕೂ ಒಂದು ತಿಂಗಳು ಕಾದರೆ ಒಂದು ವರ್ಷದ ವೀಸಾದಲ್ಲಿ ನಾಲ್ಕು ತಿಂಗಳು ಹಾಗೇ ಹೋಯಿತು. ಕೆಲವು ಪಾರ್ಟ್ 141 ಸ್ಕೂಲುಗಳಿಗೆ ತಮ್ಮ ವಿದ್ಯಾರ್ಥಿಗಳನ್ನು ತಾವೇ ಪರೀಕ್ಷೆ ಮಾಡುವ ಅಧಿಕಾರ ಇರುತ್ತದೆ, ಅಂಥದ್ದು ಸಿಕ್ಕರೆ ಫೀಸು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ.

ಊರೂ ಮುಖ್ಯ. ಫ್ಲೋರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನ ದಿನವೂ ಗುಡುಗು ಮಳೆ, ಜೂನಿನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಅರಿಜೋನಾದಲ್ಲಿ ಆಕಾಶ ಸ್ವಚ್ಛ, ಆದರೆ ಬೇಸಿಗೆಯಲ್ಲಿ ಬಿಸಿಲು ಎಷ್ಟಿರುತ್ತದೆ ಎಂದರೆ ಬೆಳಗಿನ ಜಾವ ಹಾರಿ ಮುಗಿಸಬೇಕು.

ಪೂರ್ತಿ ಫೀಸನ್ನು ಒಂದೇ ಸಲ ಕಟ್ಟಬೇಡಿ. "ಪೂರ್ತಿ ಕಟ್ಟಿದರೆ ರಿಯಾಯಿತಿ" ಅನ್ನುವ ಕಡೆ ಇನ್ನೂ ಹುಷಾರಾಗಿರಿ. ಸ್ಕೂಲು ಮುಚ್ಚಿದರೆ ಆ ದುಡ್ಡು ವಸೂಲು ಮಾಡಲು ಇಲ್ಲಿಂದ ಏನೂ ಮಾಡಲಾಗುವುದಿಲ್ಲ. ಹಂತ ಹಂತವಾಗಿ ಕಟ್ಟುವ ವ್ಯವಸ್ಥೆ ಇರಲಿ, ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದು ಬರಹದಲ್ಲಿ ಇರಲಿ.

ದುಡ್ಡಿನ ಕಾಗದಗಳು

ಎಫ್-1ಗೆ ಮೊದಲ ವರ್ಷದ ಖರ್ಚಿಗೆ ಕೈಯಲ್ಲಿ ಹಣ ಇರುವುದನ್ನು ತೋರಿಸಬೇಕು. ಎಂ-1ಗೆ ಹಾಗಲ್ಲ, ಅಲ್ಲಿರುವಷ್ಟೂ ದಿನದ ಫೀಸು ಮತ್ತು ಊಟ-ವಸತಿ ಖರ್ಚು ಪೂರ್ತಿ ತೋರಿಸಬೇಕು, ಅದೂ ಬೇಕೆಂದಾಗ ತೆಗೆಯಬಹುದಾದ ಹಣವಾಗಿ. ಐ-20ಯಲ್ಲಿ ಒಟ್ಟು ಮೊತ್ತ ಬರೆದಿರುತ್ತಾರೆ, ನಿಮ್ಮ ಕಾಗದಗಳು ಅದನ್ನು ಮುಟ್ಟಬೇಕು.

ಬ್ಯಾಂಕ್ ಬ್ಯಾಲೆನ್ಸ್, ಎಫ್‌ಡಿ, ಮಂಜೂರಾದ ಎಜುಕೇಷನ್ ಲೋನಿನ ಪತ್ರ, ಇವು ಗಟ್ಟಿ. ಅಪ್ಪ ಅಮ್ಮನ ಕೆಲವು ವರ್ಷಗಳ ಐಟಿ ರಿಟರ್ನ್ ಜೊತೆಗಿರಲಿ. ತೋಟ, ಗದ್ದೆ, ಸೈಟು ಇರುವವರು ಆಸ್ತಿ ಬೆಲೆ ಕಟ್ಟಿಸಿ ದೊಡ್ಡ ಫೈಲು ಮಾಡಿಕೊಂಡು ಹೋಗುತ್ತಾರೆ. ಅದು ನಿಮ್ಮ ಕುಟುಂಬ ಇಲ್ಲಿ ಬೇರೂರಿದೆ ಅಂತ ತೋರಿಸಲು ಸರಿ, ಆದರೆ ಫೀಸು ಕಟ್ಟಲು ಇರುವ ಹಣ ಅಂತ ಲೆಕ್ಕಕ್ಕೆ ಬರುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನಿನಲ್ಲಿ ಆದಾಯ ಸಣ್ಣದಾಗಿ ಕಾಣುತ್ತದೆ. ಮಲೆನಾಡು, ಕರಾವಳಿ ಕಡೆಯವರು ಪಹಣಿಯ ಜೊತೆ ಅಡಿಕೆ ಹಾಕಿದ ಮ್ಯಾಮ್ಕೋಸ್ ಅಥವಾ ಕ್ಯಾಂಪ್ಕೋ ರಸೀದಿ, ಕಾಫಿ ಮಾರಿದ ಬಿಲ್ಲು, ಆ ಹಣ ಬ್ಯಾಂಕಿಗೆ ಬಂದ ದಾಖಲೆ ಇಟ್ಟುಕೊಂಡರೆ ಕಥೆ ಪೂರ್ತಿ ಆಗುತ್ತದೆ. ಇಂಟರ್‌ವ್ಯೂಗೆ ವಾರ ಇರುವಾಗ ಸಂಬಂಧಿಕರಿಂದ ತಂದು ಖಾತೆಗೆ ತುಂಬಿಸಿದ ಹಣ ಯಾರ ಕಣ್ಣಿಗಾದರೂ ಎದ್ದು ಕಾಣುತ್ತದೆ.

ಇನ್ನೊಂದು ವಿಷಯ. ಫೀಸು ಕಳಿಸುವಾಗ ವಿದೇಶಕ್ಕೆ ಹಣ ಕಳಿಸಲು ಆರ್‌ಬಿಐ ಇಟ್ಟ ಎಲ್‌ಆರ್‌ಎಸ್ ಮಿತಿ ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್, ಅದು ಸಾಕಾಗುತ್ತದೆ. ಆದರೆ ಸ್ವಂತ ಹಣದಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿ ಕಳಿಸಿದರೆ ಮೀರಿದ ಭಾಗಕ್ಕೆ ಬ್ಯಾಂಕು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ. ಅದನ್ನು ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆದರೆ ಕಟ್ಟುವ ದಿನ ಅಷ್ಟು ಹಣ ಕೈಯಲ್ಲಿರಬೇಕು. ಬ್ಯಾಂಕಿನ ಎಜುಕೇಷನ್ ಲೋನಿಂದ ಹೋದ ಹಣಕ್ಕೆ ಇದು ಇಲ್ಲ.

ಐ-20 ಬಂದ ದಿನ

ಖುಷಿಯಲ್ಲಿ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವ ಮುಂಚೆ ಸಾವಕಾಶವಾಗಿ ಕೂತು ಓದಿ. ಹೆಸರು ಪಾಸ್‌ಪೋರ್ಟಿನ ಹಾಗೆ ಇದೆಯಾ? ಕೋರ್ಸಿನಲ್ಲಿ ನಿಮಗೆ ಬೇಕಾದ್ದೆಲ್ಲ, ಅಂದರೆ ಪ್ರೈವೇಟಿನಿಂದ ಮಲ್ಟಿ ಎಂಜಿನ್‌ವರೆಗೆ ಸೇರಿದೆಯಾ? ಮುಗಿಯುವ ದಿನಾಂಕ ಯಾವುದು?

ಕೆಲವು ಸ್ಕೂಲುಗಳು ಎಂಟು ತಿಂಗಳಲ್ಲಿ ಮುಗಿಸುತ್ತೇವೆ ಅಂತ ಹೇಳಿ ಐ-20ಯಲ್ಲೂ ಅಷ್ಟೇ ಬರೆಯುತ್ತವೆ. ಕೇಳಲು ಚೆನ್ನಾಗಿರುತ್ತದೆ. ಆದರೆ ಅಮೆರಿಕಕ್ಕೆ ಇಳಿದಾಗ ನಿಮಗೆ ಸಿಗುವುದು ಆ ದಿನಾಂಕದವರೆಗೆ ಮತ್ತು 30 ದಿನ ಮಾತ್ರ. ಸ್ಕೂಲಿನಲ್ಲಿ ವೀಸಾ ಕಾಗದ ನೋಡಿಕೊಳ್ಳುವ ಅಧಿಕಾರಿಯನ್ನು ಡಿಎಸ್‌ಓ ಅನ್ನುತ್ತಾರೆ. ಅವರಿಗೆ ಮೊದಲೇ ಬರೆದು, ನಿಮ್ಮ ವಿದ್ಯಾರ್ಥಿಗಳು ನಿಜವಾಗಿ ಎಷ್ಟು ತಿಂಗಳಲ್ಲಿ ಮುಗಿಸುತ್ತಿದ್ದಾರೆ, ಅಷ್ಟಕ್ಕೆ ಐ-20 ಕೊಡಿ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ, ಅಲ್ವಾ?

ಇಲ್ಲಿ ಇನ್ನೊಂದು ಗಂಟಿದೆ. ಪಾರ್ಟ್ 141 ಕೋರ್ಸಿನಲ್ಲಿ ಎಫ್‌ಎಎ ಕಮರ್ಷಿಯಲ್ ಲೈಸೆನ್ಸ್ 190 ಗಂಟೆಗೇ ಸಿಗಬಹುದು. ಡಿಜಿಸಿಎಗೆ ಬೇಕಾದ್ದು 200 ಗಂಟೆ. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿರಬೇಕು. ಹತ್ತು ಗಂಟೆ ಕಡಿಮೆ ಇಟ್ಟುಕೊಂಡು ವಾಪಸ್ ಬಂದರೆ ಇಲ್ಲಿ ವಿಮಾನ ಹುಡುಕಿ, ಸರದಿ ಕಾದು ಹಾರಬೇಕು. ಕೋರ್ಸ್ ಮುಗಿದ ಮೇಲೆ ಅಲ್ಲೇ ಇದ್ದು ಗಂಟೆ ತುಂಬಿಸಿಕೊಳ್ಳುತ್ತೇನೆ ಅಂದರೆ ಅದಕ್ಕೆ ಐ-20ಯಲ್ಲಿ ಜಾಗ ಇರಬೇಕು. ಹಾಗಾಗಿ ಡಿಜಿಸಿಎ ಲೆಕ್ಕವನ್ನು ಸ್ಕೂಲಿಗೆ ಮೊದಲೇ ಬರೆದು ಕಳಿಸಿ. ಭಾರತದ ವಿದ್ಯಾರ್ಥಿಗಳನ್ನು ನೋಡಿ ಅಭ್ಯಾಸ ಇರುವ ಸ್ಕೂಲಿಗೆ ಇದು ತಕ್ಷಣ ಅರ್ಥ ಆಗುತ್ತದೆ, ಅರ್ಥ ಆಗದಿದ್ದರೆ ಅದೂ ನಿಮಗೊಂದು ಸೂಚನೆ.

ಫೀಸು, ಅರ್ಜಿ, ಅಪಾಯಿಂಟ್‌ಮೆಂಟ್

ಐ-20 ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ನಂಬರ್ ಇರುತ್ತದೆ. ಮೊದಲು ಅದರ ಫೀಸು 350 ಡಾಲರ್ ಆನ್‌ಲೈನಿನಲ್ಲಿ ಕಟ್ಟಿ ರಸೀದಿ ಪ್ರಿಂಟ್ ತೆಗೆದಿಡಿ. ಆಮೇಲೆ ಡಿಎಸ್-160 ಎಂಬ ವೀಸಾ ಅರ್ಜಿ. ಅದಾದ ಮೇಲೆ ವೀಸಾ ಫೀಸು 185 ಡಾಲರ್ ಕಟ್ಟಿ ದಿನ ಬುಕ್ ಮಾಡುವುದು. 2025ರ ಜುಲೈನಲ್ಲಿ ಅಮೆರಿಕ ಇನ್ನೊಂದು 250 ಡಾಲರ್ ವೀಸಾ ಶುಲ್ಕಕ್ಕೂ ಕಾನೂನು ಮಾಡಿದೆ, ಅಷ್ಟು ಹಣವನ್ನು ಬಜೆಟ್ಟಿನಲ್ಲಿ ಬೇರೆ ಇಟ್ಟುಕೊಳ್ಳಿ.

ಡಿಎಸ್-160 ಅನ್ನು ಏಜೆಂಟರ ಕೈಗೆ ಪೂರ್ತಿ ಬಿಡಬೇಡಿ. ಅವರು ತುಂಬಿದರೂ ಸಲ್ಲಿಸುವ ಮುಂಚೆ ಪ್ರತಿ ಸಾಲನ್ನೂ ನೀವೇ ಓದಿ, ಏಕೆಂದರೆ ಇಂಟರ್‌ವ್ಯೂ ಕಿಟಕಿಯಲ್ಲಿ ಉತ್ತರ ಕೊಡುವವರು ನೀವು, ಸಹಿಯ ಹೊಣೆಯೂ ನಿಮ್ಮದೇ. ಹಿಂದೆ ವೀಸಾ ನಿರಾಕರಣೆ ಆಗಿದ್ದರೆ, ಅಮೆರಿಕದಲ್ಲಿ ಅಣ್ಣನೋ ಚಿಕ್ಕಪ್ಪನೋ ಇದ್ದರೆ, ಅದನ್ನು ಕೇಳಿದ ಕಡೆ ಮುಚ್ಚಿಡಬೇಡಿ. ಕಳೆದ ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳನ್ನು ಬರೆಯಬೇಕು. 2025ರ ಜೂನಿನಿಂದ ಎಫ್, ಎಂ, ಜೆ ವೀಸಾ ಕೇಳುವವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಅಂತಲೂ ಹೇಳಿದ್ದಾರೆ. ಬುಕ್ ಮಾಡುವಾಗ ಕೊಟ್ಟ ಡಿಎಸ್-160 ನಂಬರೂ ಇಂಟರ್‌ವ್ಯೂಗೆ ಒಯ್ಯುವ ಕಾಗದದ ನಂಬರೂ ಒಂದೇ ಇರಬೇಕು. ಮಧ್ಯದಲ್ಲಿ ತಿದ್ದಿ ಹೊಸ ಅರ್ಜಿ ಸಲ್ಲಿಸಿದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಬೆರಳಚ್ಚು ಮತ್ತು ಫೋಟೋಗೆ ಒಂದು ಭೇಟಿ, ಇಂಟರ್‌ವ್ಯೂಗೆ ಇನ್ನೊಂದು. ಕರ್ನಾಟಕದವರು ಹೆಚ್ಚಾಗಿ ಹೋಗುವುದು ಚೆನ್ನೈ ಅಥವಾ ಹೈದರಾಬಾದಿಗೆ, ದಿನ ಬೇಗ ಸಿಕ್ಕರೆ ಮುಂಬೈ, ದೆಹಲಿ, ಕೋಲ್ಕತ್ತ ಕೂಡ ಆಗುತ್ತದೆ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು, ಆದರೆ ವೀಸಾ ಕೆಲಸ ಅಂದೇ ಶುರುವಾಗಲಿಲ್ಲ. ಬುಕ್ ಮಾಡುವಾಗ ಊರಿನ ಪಟ್ಟಿಯನ್ನು ನೋಡಿಕೊಳ್ಳಿ. ಕೋರ್ಸ್ ಶುರುವಾಗುವ ಒಂದು ವರ್ಷ ಮುಂಚೆಯೇ ವೀಸಾ ಪಡೆಯಬಹುದು, ಆದರೆ ಅಮೆರಿಕಕ್ಕೆ ಕಾಲಿಡುವುದು ಶುರುವಾಗುವ ದಿನಕ್ಕೆ ಮುಂಚಿನ 30 ದಿನದೊಳಗೆ ಮಾತ್ರ. ಆದ್ದರಿಂದ ಬೇಗ ಅರ್ಜಿ ಹಾಕಿದರೆ ನಷ್ಟ ಏನೂ ಇಲ್ಲ.

ಇಂಟರ್‌ವ್ಯೂ

ಎರಡು ಮೂರು ನಿಮಿಷದ ಮಾತು. ಅಧಿಕಾರಿ ತಿಳಿದುಕೊಳ್ಳಬೇಕಾದ್ದು ಮುಖ್ಯವಾಗಿ ಮೂರು: ಇವನು ನಿಜವಾಗಿ ಕಲಿಯಲು ಹೋಗುತ್ತಿದ್ದಾನಾ, ದುಡ್ಡು ಇದೆಯಾ, ಮುಗಿಸಿ ವಾಪಸ್ ಬರುತ್ತಾನಾ. ಮೂರನೆಯದಕ್ಕೆ ಉತ್ತರ ಸಾಲದೇ ಹೋದಾಗ 214(ಬಿ) ಅಂತ ಬರೆದ ಕಾಗದ, ಅಂದರೆ ವೀಸಾ ನಿರಾಕರಣೆ, ಕೈಗೆ ಬರುತ್ತದೆ.

ಈಗ ಡಿಜಿಸಿಎ ಪರೀಕ್ಷೆಯ ಎರಡನೇ ಲಾಭಕ್ಕೆ ಬರೋಣ. "ವಾಪಸ್ ಬರುತ್ತೇನೆ" ಅಂತ ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು. ಆದರೆ ಭಾರತದ ಕ್ಲಾಸ್ 1 ಮೆಡಿಕಲ್ ಮಾಡಿಸಿ, ಭಾರತದ ಲೈಸೆನ್ಸಿಗೆ ಬೇಕಾದ ಪೇಪರ್‌ಗಳನ್ನು ಪಾಸು ಮಾಡಿ ನಿಂತವರು ಇಲ್ಲಿ ಹಾರಿಸಲು ತಯಾರಾಗುತ್ತಿದ್ದಾರೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ ಇಂಡಿಗೋ 500 ವಿಮಾನಗಳಿಗೂ ಆರ್ಡರ್ ಕೊಟ್ಟಿವೆ, ಪೈಲಟ್ ಕೆಲಸ ಇಲ್ಲೇ ಇದೆ ಅನ್ನಲು ಇದಕ್ಕಿಂತ ಸರಳ ಮಾತು ಬೇಡ.

ಭಾರತದಲ್ಲೇ ಯಾಕೆ ಕಲಿಯುತ್ತಿಲ್ಲ ಅಂತ ಕೇಳುವುದುಂಟು. ಇಲ್ಲಿನ ಸ್ಕೂಲುಗಳನ್ನು ಹೀಗಳೆಯಬೇಕಾಗಿಲ್ಲ. ವಿಚಾರಿಸಿದೆ, ಇಷ್ಟು ದಿನ ಕಾಯಬೇಕು ಅಂದರು, ಅಲ್ಲಿ ಈ ಸ್ಕೂಲಿನಲ್ಲಿ ಇಷ್ಟು ವಿಮಾನ ಇದೆ, ಮಲ್ಟಿ ಎಂಜಿನ್ ಕೂಡ ಒಂದೇ ಕಡೆ ಆಗುತ್ತದೆ ಅಂತ ನಿಮ್ಮದೇ ಕಾರಣ ಹೇಳಿ. ಉರು ಹೊಡೆದ ಉತ್ತರ ಬೇಡ. ಇಂಗ್ಲಿಷ್ ಸರಾಗವಾಗಿ ಬರದವರು ನಿಧಾನವಾಗಿ ಸಣ್ಣ ವಾಕ್ಯದಲ್ಲಿ ಮಾತಾಡಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಎಫ್‌ಎಎ ಲೈಸೆನ್ಸಿಗೆ ಇಂಗ್ಲಿಷ್ ಓದಲು, ಮಾತಾಡಲು, ಅರ್ಥ ಮಾಡಿಕೊಳ್ಳಲು ಬರಲೇಬೇಕು, ರೇಡಿಯೋದಲ್ಲಿ ಮಾತಾಡುವುದೂ ಅದರಲ್ಲೇ. ಹೊರಡುವ ಮುಂಚಿನ ತಿಂಗಳುಗಳಲ್ಲಿ ದಿನವೂ ಅಭ್ಯಾಸ ಮಾಡಿ.

221(ಜಿ) ಅಂತ ಚೀಟಿ ಕೊಟ್ಟರೆ ಗಾಬರಿಯಾಗಬೇಡಿ, ಇನ್ನಷ್ಟು ಕಾಗದ ಅಥವಾ ತಪಾಸಣೆ ಬಾಕಿ ಇದೆ ಅಂತ ಅರ್ಥ. ಅದಕ್ಕೇ ವೀಸಾ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಬುಕ್ ಮಾಡಬಾರದು. 214(ಬಿ) ಆದರೆ ಅಪೀಲು ಇಲ್ಲ, ಮತ್ತೆ ಫೀಸು ಕಟ್ಟಿ ಹೊಸದಾಗಿ ಅರ್ಜಿ ಹಾಕಬೇಕು. ಮರುದಿನವೇ ಹಾಕಬಹುದು, ಆದರೆ ನಿಮ್ಮ ಪರಿಸ್ಥಿತಿಯಲ್ಲಿ ಏನೂ ಬದಲಾಗದೆ ಹಾಕುವುದರಲ್ಲಿ ಅರ್ಥ ಇಲ್ಲ.

ವೀಸಾ ಬಂತು, ಇನ್ನೂ ಒಂದು ಅನುಮತಿ ಇದೆ

ಇದು ಬಹಳ ಜನರಿಗೆ ಗೊತ್ತಿಲ್ಲ. ವೀಸಾ ಇದ್ದ ಮಾತ್ರಕ್ಕೆ ವಿಮಾನ ಹತ್ತಿ ಕಲಿಯಲಾಗುವುದಿಲ್ಲ. ಟಿಎಸ್‌ಎ ಎಂಬ ಭದ್ರತಾ ಇಲಾಖೆಯ ಒಪ್ಪಿಗೆ ಬೇರೆ ಬೇಕು. 2001ರ ಸೆಪ್ಟೆಂಬರ್ 11ರ ದಾಳಿಕೋರರಲ್ಲಿ ಕೆಲವರು ಹಾರಲು ಕಲಿತದ್ದು ಅಮೆರಿಕದ ಫ್ಲೈಯಿಂಗ್ ಸ್ಕೂಲುಗಳಲ್ಲೇ. ಅವರಲ್ಲಿ ಇಬ್ಬರಿಗೆ ವಿದ್ಯಾರ್ಥಿ ಸ್ಥಾನಮಾನ ಮಂಜೂರಾಗಿದೆ ಅನ್ನುವ ಪತ್ರ, ದಾಳಿ ಆಗಿ ಆರು ತಿಂಗಳಾದ ಮೇಲೆ, 2002ರ ಮಾರ್ಚಿನಲ್ಲಿ ಫ್ಲೋರಿಡಾದ ವೆನಿಸ್ ಎಂಬ ಊರಿನ ಸ್ಕೂಲಿಗೆ ಬಂತು. ದೇಶವೇ ಕೆರಳಿತು. ಮರುವರ್ಷದಿಂದ ಪ್ರತಿ ವಿದೇಶಿ ವಿದ್ಯಾರ್ಥಿಯ ಲೆಕ್ಕ ಇಡುವ ಸೆವಿಸ್ ವ್ಯವಸ್ಥೆ ಬಂತು, ಹಾರಲು ಬರುವವರಿಗೆ ಈ ಹೆಚ್ಚಿನ ತಪಾಸಣೆಯೂ ಬಂತು. ನಮ್ಮನ್ನು ಯಾಕೆ ಇಷ್ಟು ಕೇಳುತ್ತಾರೆ ಅನ್ನುವವರಿಗೆ ಇದೇ ಹಿನ್ನೆಲೆ.

ಟಿಎಸ್‌ಎಯ ಫ್ಲೈಟ್ ಟ್ರೈನಿಂಗ್ ಪೋರ್ಟಲಿನಲ್ಲಿ ಖಾತೆ ತೆರೆದು ಪಾಸ್‌ಪೋರ್ಟ್, ವಿಳಾಸ, ತರಬೇತಿಯ ವಿವರ ತುಂಬಬೇಕು, ಫೀಸು 140 ಡಾಲರ್. 2024ರಲ್ಲಿ ನಿಯಮ ಬದಲಾಗಿ ಒಮ್ಮೆ ಆದ ತಪಾಸಣೆ ಐದು ವರ್ಷದವರೆಗೆ ನಡೆಯುತ್ತದೆ. ಆದರೆ ಮೊದಲ ಲೈಸೆನ್ಸ್, ಇನ್‌ಸ್ಟ್ರುಮೆಂಟ್ ರೇಟಿಂಗ್, ಮಲ್ಟಿ ಎಂಜಿನ್, ನೀವು ಮಾಡಲಿರುವ ಒಂದೊಂದೂ ಅದರಲ್ಲಿ ದಾಖಲಾಗಬೇಕು. ಬೆರಳಚ್ಚು ಕೊಡಬೇಕು, ಸ್ಕೂಲಿಗೆ ಹೋದ ಮೇಲೆ ಅವರು ನಿಮ್ಮ ಫೋಟೋ ತೆಗೆದು ಸೇರಿಸಬೇಕು. ಫಾರಂ ತುಂಬುವ ಕೆಲಸವನ್ನು ಮನೆಯಲ್ಲೇ ಮುಗಿಸಿ. ಅಲ್ಲಿ ಇಳಿದ ಮೇಲೆ ಶುರು ಮಾಡಿದರೆ ಒಪ್ಪಿಗೆ ಬರುವವರೆಗೆ ರನ್‌ವೇ ನೋಡುತ್ತಾ ಗ್ರೌಂಡ್ ಕ್ಲಾಸಿನಲ್ಲಿ ಕೂರಬೇಕು.

ಎಫ್‌ಎಎ ಕಡೆ ಐಎಸಿಆರ್‌ಎ (ಲೈಸೆನ್ಸಿಗೆ ಅರ್ಜಿ ಹಾಕುವ ಜಾಲತಾಣ) ಖಾತೆ ತೆರೆದು ನಂಬರ್ ಪಡೆಯುವುದು, ಮೆಡಿಕಲ್ ಫಾರಂ ಆನ್‌ಲೈನಿನಲ್ಲಿ ತುಂಬುವುದು, ಇವೂ ಹಾಗೇ. ಅಮೆರಿಕದಲ್ಲಿ ಸ್ವಂತ ವಿಳಾಸ ಇಲ್ಲದವರು ಅಲ್ಲಿನ ಒಬ್ಬ ಏಜೆಂಟನ್ನು ಎಫ್‌ಎಎಗೆ ಹೆಸರಿಸಬೇಕು ಅನ್ನುವ ನಿಯಮವೂ ಬಂದಿದೆ, ವಾಪಸ್ ಬಂದ ಮೇಲೆ ನಿಮಗೂ ಇದು ಬೇಕಾಗುತ್ತದೆ.

ಅಲ್ಲಿ ಇಳಿದ ಮೇಲೆ

ಇಮಿಗ್ರೇಷನ್ ದಾಟಿದ ದಿನವೇ ಐ-94 ದಾಖಲೆಯನ್ನು ಆನ್‌ಲೈನಿನಲ್ಲಿ ತೆಗೆದು ನೋಡಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ದಿನಾಂಕ ನೋಡಿ ನೆಮ್ಮದಿಯಾಗಿರಬೇಡಿ, ನೀವು ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94. ಎಂ-1ನವರಿಗೆ ಅಲ್ಲಿ ಒಂದು ಖಚಿತ ದಿನಾಂಕ ಇರುತ್ತದೆ. ತಪ್ಪು ಇದ್ದರೆ ಅದೇ ವಾರ ಡಿಎಸ್‌ಓಗೆ ಹೇಳಿ. ಮನೆ ಬದಲಾಯಿಸಿದರೆ 10 ದಿನದೊಳಗೆ ಅವರಿಗೆ ತಿಳಿಸಬೇಕು. ಸ್ಕೂಲ್ ಸರಿ ಇಲ್ಲ ಅನ್ನಿಸಿದರೆ ಮೊದಲ ಆರು ತಿಂಗಳಲ್ಲೇ ಬೇರೆ ಕಡೆಗೆ ವರ್ಗ ಕೇಳಬೇಕು, ಆಮೇಲೆ ನಿಮ್ಮ ಕೈ ಮೀರಿದ ಕಾರಣ ಇದ್ದರೆ ಮಾತ್ರ.

ಕೋರ್ಸ್ ಮುಗಿಯುವ ಹಾಗೆ ಕಾಣದಿದ್ದರೆ ಐ-539 ಅರ್ಜಿಯಲ್ಲಿ ಅವಧಿ ವಿಸ್ತರಣೆ ಕೇಳಬಹುದು. ಐ-20 ಮುಗಿಯುವ ದಿನಕ್ಕೆ 60 ದಿನ ಇರುವಾಗಿನಿಂದ 15 ದಿನ ಇರುವವರೆಗೆ ಮಾತ್ರ ಅದಕ್ಕೆ ಅವಕಾಶ. ಒಟ್ಟು ಮೂರು ವರ್ಷದವರೆಗೆ ಎಳೆಯಬಹುದು. ಆದರೆ ಓದಿಗೆ ಸಂಬಂಧಪಟ್ಟ ಬಲವಾದ ಕಾರಣ ಅಥವಾ ಆರೋಗ್ಯದ ಕಾರಣ ತೋರಿಸಬೇಕು. ಆದ್ದರಿಂದ ಮೊದಲ ದಿನದಿಂದ ಒಂದು ಡೈರಿ ಇಡಿ: ಹವಾಮಾನದಿಂದ ರದ್ದಾದ ದಿನ, ವಿಮಾನ ರಿಪೇರಿಗೆ ಹೋದ ದಿನ, ಚೆಕ್‌ರೈಡಿಗೆ ಕಾದ ದಿನ. ಡಿಎಸ್‌ಓ ಪತ್ರ ಬರೆಯುವಾಗ ಆ ದಿನಾಂಕಗಳು ಬೇಕಾಗುತ್ತವೆ. ಉಬರ್ ಓಡಿಸುವುದು, ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲುವುದು ಇವೆಲ್ಲ ಖಂಡಿತ ಬೇಡ. ಒಂದು ಸಲ ಸಿಕ್ಕಿಬಿದ್ದರೆ ಲೈಸೆನ್ಸೂ ಇಲ್ಲ, ವೀಸಾವೂ ಇಲ್ಲ.

ವಾಪಸ್ ಹೊರಡುವ ಮುಂಚೆ

ಲಾಗ್‌ಬುಕ್ಕನ್ನು ಡಿಜಿಸಿಎ ಕಣ್ಣಿನಿಂದ ಓದಿ. 20 ಗಂಟೆ ಕ್ರಾಸ್ ಕಂಟ್ರಿ (ಒಂದೂರಿನಿಂದ ಇನ್ನೊಂದೂರಿಗೆ ಹಾರಾಟ) ನೀವೇ ಕಮಾಂಡ್ ಆಗಿ, ಅದರಲ್ಲಿ 300 ನಾಟಿಕಲ್ ಮೈಲಿಯ ಒಂದು ಹಾರಾಟ, ಮಧ್ಯೆ ಎರಡು ಬೇರೆ ಬೇರೆ ಏರ್‌ಪೋರ್ಟಿನಲ್ಲಿ ಪೂರ್ತಿ ನಿಲ್ಲಿಸಿದ ಲ್ಯಾಂಡಿಂಗ್. ಅದನ್ನು ಷರಾ ಜಾಗದಲ್ಲಿ ಏರ್‌ಪೋರ್ಟಿನ ಹೆಸರಿನೊಂದಿಗೆ ಬರೆದಿರಬೇಕು. ಇನ್‌ಸ್ಟ್ರುಮೆಂಟ್ 10 ಗಂಟೆ, ಅದರಲ್ಲಿ ಸಿಮ್ಯುಲೇಟರ್ 5 ಗಂಟೆಗಿಂತ ಜಾಸ್ತಿ ಲೆಕ್ಕಕ್ಕಿಲ್ಲ. ರಾತ್ರಿ 5 ಗಂಟೆ, ಕಮಾಂಡ್ ಆಗಿ 10 ಟೇಕಾಫ್, 10 ಲ್ಯಾಂಡಿಂಗ್. ಕಮಾಂಡ್ ಗಂಟೆಗಳಲ್ಲಿ 15 ಗಂಟೆ ಕಳೆದ ಆರು ತಿಂಗಳೊಳಗಿನದಾಗಿರಬೇಕು. ಕಡಿಮೆ ಇದ್ದರೆ ಅಲ್ಲೇ ತುಂಬಿಸಿಕೊಳ್ಳಿ, ಇನ್‌ಸ್ಟ್ರಕ್ಟರ್ ಸಹಿ ಮತ್ತು ಸ್ಕೂಲಿನ ಮೊಹರು ಪುಟ ಪುಟಕ್ಕೂ ಹಾಕಿಸಿಕೊಳ್ಳಿ. ಸ್ಕೂಲಿನಿಂದ ತರಬೇತಿ ದಾಖಲೆಗಳ ಪ್ರತಿ ತೆಗೆದುಕೊಂಡು ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ನಿಮ್ಮ ಲೈಸೆನ್ಸ್ ಅಸಲಿ ಅಂತ ಎಫ್‌ಎಎ ಡಿಜಿಸಿಎಗೆ ದೃಢಪಡಿಸಬೇಕು, ಆ ಕೋರಿಕೆಯನ್ನು ಅಲ್ಲಿರುವಾಗಲೇ ಶುರು ಮಾಡಿ.

ಕ್ಲಾಸ್ 1 ಮೆಡಿಕಲ್ ಒಂದು ವರ್ಷಕ್ಕೆ ಮುಗಿಯುತ್ತದೆ, ನೀವು ವಾಪಸ್ ಬರುವಷ್ಟರಲ್ಲಿ ಮುಗಿದೇ ಇರುತ್ತದೆ. ಹೊರಡುವ ಟಿಕೆಟ್ ಬುಕ್ ಮಾಡಿದ ದಿನವೇ ರಿನ್ಯೂವಲ್‌ಗೂ ದಿನ ಹುಡುಕಿ. ಬೆಂಗಳೂರಿಗೆ ಇಳಿದ ವಾರವೇ ಡಿಜಿಸಿಎಯ ಇಜಿಸಿಎ ಪೋರ್ಟಲಿನಲ್ಲಿ ಲೈಸೆನ್ಸ್ ಪರಿವರ್ತನೆ ಅರ್ಜಿಗೆ ಕಾಗದ ಹಾಕಲು ಶುರು ಮಾಡಿ. ಮನೆಯಲ್ಲಿ ಕೂತು ಆರು ತಿಂಗಳು ಕಳೆದರೆ ಕೊನೆಯ ಹಾರಾಟಗಳು ಹಳತಾಗುತ್ತವೆ, ಮತ್ತೆ ಇಲ್ಲಿ ವಿಮಾನ ಬಾಡಿಗೆಗೆ ತೆಗೆದುಕೊಂಡು ಗಂಟೆಗೆ ಸಾವಿರಾರು ರೂಪಾಯಿ ಕೊಟ್ಟು ಹಾರಿ ತೋರಿಸಬೇಕಾಗುತ್ತದೆ.